ಹೆಸರಿಲ್ಲದ ತಡೆ: ವಿಜಯಪುರ ಸೀಮೆಯ ಮೂತ್ರರೋಗ ಪರಿಭಾಷೆ ಮತ್ತು ನಾರುಗಟ್ಟುವ ಕಾಯಿಲೆಯ ರೋಬಾಟಿಕ್ ಶಸ್ತ್ರಚಿಕಿತ್ಸೆ

ಜನಪದ ವೈದ್ಯದ ಅಧ್ಯಯನವು ಬಹುಮಟ್ಟಿಗೆ ಗಿಡಮೂಲಿಕೆಗಳ ಪಟ್ಟಿಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಯಾವ ರೋಗಕ್ಕೆ ಯಾವ ಬೇರು, ಯಾವ ರಸ, ಎಷ್ಟು ದಿನದ ಪಥ್ಯ ಎಂಬ ವಿವರಗಳನ್ನು ಸಂಗ್ರಹಕಾರರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ಔಷಧಕ್ಕಿಂತ ಮೊದಲು ರೋಗಕ್ಕೊಂದು ಹೆಸರು ಬೇಕು. ಜನಪದರು ಹೆಸರಿಡುವುದು ಕಣ್ಣಿಗೆ ಕಾಣುವ, ಕೈಗೆ ಸಿಗುವ, ರೋಗಿಯ ಬಾಯಿಂದ ಹೊರಡುವ ಲಕ್ಷಣಕ್ಕೆ. ಉರಿ, ಬಾವು, ಕಟ್ಟು, ಹಿಡಿತ, ಸೆಳೆತ ಮೊದಲಾದವು ಹಾಗೆ ಹುಟ್ಟಿದ ಮಾತುಗಳು. ಲಕ್ಷಣವೇ ಇಲ್ಲದ, ಅಥವಾ ಬೇರೊಂದು ರೋಗದ ಲಕ್ಷಣವನ್ನು ಹೊದ್ದು ಬರುವ ಕಾಯಿಲೆಗೆ ಈ ಪರಿಭಾಷೆಯಲ್ಲಿ ಸ್ಥಾನವಿಲ್ಲ. ಹೆಸರಿಲ್ಲದ ರೋಗಕ್ಕೆ ಮದ್ದೂ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೇರೊಂದು ರೋಗದ ಮದ್ದು ಅದಕ್ಕೆ ಸಲ್ಲುತ್ತ ಹೋಗುತ್ತದೆ.

ಹೊಟ್ಟೆಯ ಹಿಂಬದಿಯಲ್ಲಿ ನಾರು ಬೆಳೆದು ಮೂತ್ರನಾಳವನ್ನು ಸುತ್ತುಗಟ್ಟುವ ಅಪರೂಪದ ಕಾಯಿಲೆ ಇಂಥದೊಂದು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಮೂತ್ರರೋಗ ಪರಿಭಾಷೆಯನ್ನು ಮುಂದಿಟ್ಟುಕೊಂಡು ಈ ಕಾಯಿಲೆಯ ಸ್ವರೂಪವನ್ನೂ, ಇಂದು ಅದಕ್ಕೆ ಒದಗಿರುವ ರೋಬಾಟಿಕ್ ಶಸ್ತ್ರಚಿಕಿತ್ಸೆಯ ಕ್ರಮವನ್ನೂ ವಿವರಿಸುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ಸೀಮೆ ಮತ್ತು ಅದರ ನೀರು

ಮೇಲಿನ ನಾಲ್ಕು ಹೆಸರುಗಳೂ ಬಹುಕಾಲ ವಿಜಯಪುರ ಜಿಲ್ಲೆಯ ತಾಲ್ಲೂಕುಗಳ ಹೆಸರುಗಳು. ಇತ್ತೀಚಿನ ವಿಭಜನೆಯಲ್ಲಿ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲ್ಲೂಕುಗಳು ಇವುಗಳಿಂದ ಒಡೆದು ಬಂದಿವೆಯಾದರೂ ಜನರ ಮಾತಿನಲ್ಲಿ ಹಳೆಯ ಸೀಮೆಯೇ ಇನ್ನೂ ಉಳಿದಿದೆ. ಜಿಲ್ಲೆಯ ಹೆಸರು ಬಿಜಾಪುರವೆಂದಿದ್ದುದು 2014ರ ನವೆಂಬರ್ 1ರಿಂದ ವಿಜಯಪುರವಾಯಿತು.

ಈ ಸೀಮೆಗೆ ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ. ಡೋಣಿಯ ಎರೆ ಭೂಮಿ ಬಿಳಿಜೋಳಕ್ಕೆ ಹೆಸರಾದುದು. ಅದರ ನೀರಾದರೋ ಉಪ್ಪು. ಅನೇಕ ಊರುಗಳಲ್ಲಿ ಬಾವಿ ಮತ್ತು ಕೊಳವೆಬಾವಿಗಳ ನೀರು ಸವುಳು. ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವ ಊರುಗಳೂ ಇವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ಭಾರತೀಯ ಮಾನದಂಡ. ಆ ಮಿತಿಯನ್ನು ವರ್ಷಗಟ್ಟಲೆ ಮೀರಿದಲ್ಲಿ ಹಲ್ಲು ಕಲೆಗಟ್ಟುತ್ತವೆ, ಬೆನ್ನೆಲುಬು ಸೆಟೆಯುತ್ತದೆ. ಬಿಸಿಲಿನಲ್ಲಿ ದುಡಿದು ಬೆವರುವ, ಸಾಕಷ್ಟು ನೀರು ಕುಡಿಯದ ದೇಹದಲ್ಲಿ ಮೂತ್ರ ಗಟ್ಟಿಯಾಗಿ ಹರಳುಗಟ್ಟುವುದೂ ಸಹಜವೇ. ಹೀಗಾಗಿ ಬೆನ್ನುನೋವು, ಟೊಂಕನೋವು, ಉರಿಮೂತ್ರ, ಹರಳು ಇವೆಲ್ಲ ಈ ಭಾಗದ ಜನಕ್ಕೆ ಹೊಸ ಸಂಗತಿಗಳಲ್ಲ. ನೋವು ಪರಿಚಿತವಾಗಿರುವುದೇ ಮುಂದೆ ಹೇಳಲಿರುವ ತೊಡಕಿನ ಮೂಲವೂ ಹೌದು.

ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಸಾಮಾನ್ಯ ಸೀಮೆಯಲ್ಲ. ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಅವರ ಗೆಳೆಯರು ನಡೆಸಿದ ಸಂಗ್ರಹಕಾರ್ಯದ ಫಲವಾಗಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಕನ್ನಡ ಜಾನಪದ ಸಂಗ್ರಹಕ್ಕೆ ಅದು ಹಾಕಿಕೊಟ್ಟ ಹಾದಿ ದೊಡ್ಡದು. ಆದರೆ ಹಾಡಿನ ಪ್ರಭೆಯಲ್ಲಿ ಇಲ್ಲಿಯ ವೈದ್ಯ, ಬೇಸಾಯ, ಕುಶಲ ವೃತ್ತಿಗಳ ಪರಿಭಾಷೆ ಬಹಳ ಕಾಲ ಹಿಂದೆಯೇ ಉಳಿಯಿತೆಂಬುದನ್ನೂ ಹೇಳಬೇಕಾಗುತ್ತದೆ.

ಮಾತಿನಲ್ಲಿ ಮೂತ್ರರೋಗ

ಈ ಸೀಮೆಯ ಆಡುಮಾತಿನಲ್ಲಿ ಮೂತ್ರಸಂಬಂಧಿ ತೊಂದರೆಗಳನ್ನು ಸೂಚಿಸುವ ಪದಗಳು ಕೆಲವೇ. ಮೂತ್ರ ಬಾರದೆ ನಿಂತರೆ ‘ಉಚ್ಚಿ ಕಟ್ಟೈತಿ’. ಉರಿಯುತ್ತ ಬಂದರೆ ‘ಉರಿ ಉಚ್ಚಿ’. ಕಲ್ಲು ಕಂಡರೆ ‘ಹರಳು ಆಗ್ಯಾವ’. ಮೂತ್ರಪಿಂಡವೆಂಬುದು ಪುಸ್ತಕದ ಮಾತು. ಮಾಂಸದಂಗಡಿಯ ‘ಗುರ್ದಾ’ವನ್ನು ಬಿಟ್ಟರೆ ಜನರ ಬಾಯಲ್ಲಿರುವುದು ‘ಕಿಡ್ನಿ’ಯೇ. ಇನ್ನು ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಎರಡು ನಾಳಗಳಿಗಂತೂ ಜನಪದದಲ್ಲಿ ಹೆಸರಿಲ್ಲ. ಶಿಷ್ಟ ಕನ್ನಡವೂ ಇಲ್ಲಿ ಅಷ್ಟೇನೂ ಮುಂದಿಲ್ಲ. ‘ಮೂತ್ರನಾಳ’ ಎಂಬ ಒಂದೇ ಪದವನ್ನು ಮೇಲಿನ ನಾಳಕ್ಕೂ, ಕೋಶದಿಂದ ಹೊರಬರುವ ಕೆಳಗಿನ ನಾಳಕ್ಕೂ ಬಳಸಿರುವ ಬರಹಗಳು ಹೇರಳವಾಗಿವೆ. ಪ್ರಸ್ತುತ ಲೇಖನದಲ್ಲಿ ಮೂತ್ರನಾಳವೆಂದರೆ ಮೇಲಿನದು: ಒಂದೊಂದು ಮೂತ್ರಪಿಂಡಕ್ಕೆ ಒಂದೊಂದರಂತೆ ಇರುವ, ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದದ, ಜೋಳದ ಕಡ್ಡಿಗಿಂತ ಸಣ್ಣದಾದ ಕೊಳವೆ.

ಆಯುರ್ವೇದದಲ್ಲಿ ಮೂತ್ರಕೃಚ್ಛ್ರ, ಮೂತ್ರಾಘಾತ, ಅಶ್ಮರಿ ಎಂಬ ವಿಂಗಡಣೆಯಿದೆ. ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ವಿಧಾನವನ್ನು ಸುಶ್ರುತಸಂಹಿತೆ ವಿವರಿಸುತ್ತದೆ. ಕನ್ನಡದಲ್ಲಿಯೂ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದಂಥ ವೈದ್ಯಗ್ರಂಥಗಳ ಪರಂಪರೆಯಿದೆ. ಈ ಎಲ್ಲ ವಿಂಗಡಣೆಗಳ ಆಧಾರ ಒಂದೇ: ಮೂತ್ರ ಹೊರಬರುವ ಬಗೆ. ಕಷ್ಟದಿಂದ ಬರುತ್ತದೆಯೇ, ಬರುವುದೇ ಇಲ್ಲವೇ, ಕಲ್ಲಿನೊಡನೆ ಬರುತ್ತದೆಯೇ ಎಂಬುದು.

ಮೂತ್ರಪಿಂಡಗಳು ಎರಡಿರುವುದರಿಂದ ಒಂದು ಬದಿಯ ನಾಳ ಪೂರ್ತಿ ಮುಚ್ಚಿಹೋದರೂ ಇನ್ನೊಂದು ಬದಿಯಿಂದ ಮೂತ್ರ ಎಂದಿನಂತೆ ಬರುತ್ತಿರುತ್ತದೆ. ಅಳತೆಯೂ ಹೆಚ್ಚುಕಡಿಮೆ ಅಷ್ಟೇ, ಬಣ್ಣವೂ ಅದೇ. ಹೊರಗೆ ‘ಕಟ್ಟು’ ಕಾಣದೆ ಒಳಗೆ ಕಟ್ಟಿರುವ ಸ್ಥಿತಿ ಇದು. ಜನಪದ ಪರಿಭಾಷೆಯ ಕಣ್ಣು ತಲುಪದ ಜಾಗ ಇದೇ. ಕಾಲುವೆಯ ತುದಿಯಲ್ಲಿ ಕುಳಿತವನಿಗೆ ಎರಡು ಉಪಕಾಲುವೆಗಳಲ್ಲಿ ಒಂದು ಒಡೆದು ಹೊಲ ಮುಳುಗಿದ್ದು ತಿಳಿಯುವುದಾದರೂ ಹೇಗೆ?

ಹರಳು ಬೇರೆ, ನಾರು ಬೇರೆ

ಹರಳು ನಾಳದ ಒಳಗೆ ಸಿಕ್ಕಿಕೊಳ್ಳುವ ವಸ್ತು. ಅದರ ನೋವು ಥಟ್ಟನೆ ಬರುತ್ತದೆ, ಅಲೆಅಲೆಯಾಗಿ ಬರುತ್ತದೆ, ರೋಗಿಯನ್ನು ನೆಲದ ಮೇಲೆ ಹೊರಳಾಡಿಸುತ್ತದೆ. ನಾರುಗಟ್ಟುವ ಕಾಯಿಲೆಯಲ್ಲಿ ನಾಳದ ಒಳಗೆ ಏನೂ ಇರುವುದಿಲ್ಲ, ತೊಂದರೆಯೆಲ್ಲ ಹೊರಗಿನಿಂದ. ಎರೆ ಭೂಮಿಯಲ್ಲಿ ಹೂಳಿದ ಕೊಳವೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಕರಿಮಣ್ಣು ಕೊಳವೆಯನ್ನು ಸುತ್ತಲಿಂದ ಒತ್ತಿ, ಎಳೆದು, ಸ್ಥಳ ತಪ್ಪಿಸುತ್ತದೆ. ಕೊಳವೆಯೊಳಗೆ ಹೂಳಿಲ್ಲದಿದ್ದರೂ ನೀರು ಹರಿಯದು.

ಈ ಹೋಲಿಕೆಯನ್ನು ಒಂದು ಹಂತದವರೆಗೆ ಮಾತ್ರ ಒಯ್ಯಬಹುದು. ಮೂತ್ರನಾಳವು ಬರಿಯ ಕೊಳವೆಯಲ್ಲ, ಅದು ಸ್ನಾಯುವಿನ ನಾಳ. ಎರೆಹುಳುವಿನಂತೆ ತಾನೇ ಹಿಂಡಿಕೊಂಡು ಮೂತ್ರವನ್ನು ಹನಿಹನಿಯಾಗಿ ಕೆಳಕ್ಕೆ ನೂಕುವುದು ಅದರ ಕೆಲಸ. ನಾರು ಸುತ್ತಿಕೊಂಡಾಗ ಮೊದಲು ನಿಲ್ಲುವುದು ಈ ಚಲನೆ. ಆದುದರಿಂದಲೇ ಇಂಥ ರೋಗಿಗಳಲ್ಲಿ ಕೆಳಗಿನಿಂದ ಸಣ್ಣ ನಳಿಕೆಯನ್ನು ಏರಿಸಿದರೆ ಅದು ಅನೇಕ ವೇಳೆ ಸರಾಗವಾಗಿ ಏರುತ್ತದೆ. ದಾರಿ ತೆರೆದೇ ಇರುತ್ತದೆ, ಆದರೆ ನಡೆಯುವ ಶಕ್ತಿ ಹೋಗಿರುತ್ತದೆ.

ರೋಗದ ಪರಿಚಯ

ಹೊಟ್ಟೆಯ ಅಂಗಗಳನ್ನು ಹೊದ್ದಿರುವ ತೆಳುವಾದ ಪೊರೆಯ ಹಿಂದೆ, ಬೆನ್ನೆಲುಬಿನ ಮುಂದೆ ಇರುವ ಪ್ರದೇಶದಲ್ಲಿ ಮಹಾಧಮನಿ, ಮಹಾಸಿರೆ, ಮೂತ್ರಪಿಂಡಗಳು ಮತ್ತು ಮೂತ್ರನಾಳಗಳು ಇರುತ್ತವೆ. ಸೊಂಟದ ಮಟ್ಟದಲ್ಲಿ ಮಹಾಧಮನಿಯ ಸುತ್ತ ಉರಿಯೂತವೆದ್ದು, ಅದು ಕ್ರಮೇಣ ಬಿಳಿಯ, ಗಟ್ಟಿಯಾದ ನಾರಿನ ಪದರವಾಗಿ ಹರಡಿ ಅಕ್ಕಪಕ್ಕದ ಮೂತ್ರನಾಳಗಳನ್ನು ನಡುವಿನ ಕಡೆಗೆ ಎಳೆದು ಸುತ್ತಿಕೊಳ್ಳುವುದೇ ಈ ರೋಗ. ಫ್ರಾನ್ಸಿನ ಮೂತ್ರರೋಗ ತಜ್ಞ ಆಲ್ಬಾರಾನ್ 1905ರಲ್ಲಿ ಇದನ್ನು ಮೊದಲು ವರ್ಣಿಸಿದನು. 1948ರಲ್ಲಿ ಅಮೆರಿಕದ ಆರ್ಮಂಡ್ ಇಬ್ಬರು ರೋಗಿಗಳ ವಿವರವನ್ನು ಪ್ರಕಟಿಸಿದ ಮೇಲೆ ಇದು ಸ್ವತಂತ್ರ ರೋಗವೆಂದು ಮನ್ನಣೆ ಪಡೆದು ‘ಆರ್ಮಂಡ್ ರೋಗ’ವೆಂಬ ಹೆಸರನ್ನೂ ಗಳಿಸಿತು. ವೈದ್ಯಶಾಸ್ತ್ರಕ್ಕೂ ಹೆಸರು ಸಿಗಲು ನಾಲ್ಕು ದಶಕಗಳು ಹಿಡಿದವೆಂಬುದು ಇಲ್ಲಿ ಗಮನಾರ್ಹ.

ಇದು ಅಪರೂಪದ ಕಾಯಿಲೆ. ಯುರೋಪಿನ ಅಧ್ಯಯನಗಳ ಪ್ರಕಾರ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಹೊಸದಾಗಿ ಕಾಣುವ ಪ್ರಮಾಣ 0.1ರಿಂದ 1.3ರಷ್ಟು. ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ವಯಸ್ಸು ಸಾಮಾನ್ಯವಾಗಿ 40ರಿಂದ 60. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಪ್ರಕರಣಗಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ದಾರಿ ಹಿಡಿಯುವುದರಿಂದ ಹೀಗಾಗುತ್ತದೆ ಎಂಬುದು ಇಂದಿನ ತಿಳಿವಳಿಕೆ. ಅವುಗಳಲ್ಲಿ ಒಂದು ಭಾಗ ಐಜಿಜಿ-4 ಎಂಬ ಪ್ರತಿಕಾಯಕ್ಕೆ ಸಂಬಂಧಿಸಿದ ರೋಗಸಮೂಹಕ್ಕೆ ಸೇರುತ್ತದೆಂದು 2000ದ ನಂತರದ ಸಂಶೋಧನೆ ತೋರಿಸಿಕೊಟ್ಟಿದೆ. ಧೂಮಪಾನ ಮತ್ತು ಆಸ್ಬೆಸ್ಟಾಸ್ ಧೂಳು ಅಪಾಯವನ್ನು ಹೆಚ್ಚಿಸುತ್ತವೆ. ಉಳಿದ ಪ್ರಕರಣಗಳ ಹಿಂದೆ ಕ್ಯಾನ್ಸರ್, ಕ್ಷಯ, ವಿಕಿರಣ ಚಿಕಿತ್ಸೆ, ಹಿಂದಿನ ಶಸ್ತ್ರಚಿಕಿತ್ಸೆ ಅಥವಾ ಕೆಲವು ಔಷಧಗಳಿರುತ್ತವೆ. ನಮ್ಮ ದೇಶದಲ್ಲಿ ಮೂತ್ರನಾಳ ಕಿರಿದಾಗಲು ಕ್ಷಯವೂ ಒಂದು ಮುಖ್ಯ ಕಾರಣವಾದುದರಿಂದ ಇಲ್ಲಿಯ ವೈದ್ಯರು ಅದನ್ನು ಮೊದಲು ಶಂಕಿಸುವುದು ಸರಿಯಾದ ಕ್ರಮವೇ.

ಔಷಧದಿಂದ ನಾರು ಬೆಳೆಯುವುದಕ್ಕೆ ಪ್ರಸಿದ್ಧ ಉದಾಹರಣೆ ಅರೆತಲೆನೋವಿಗೆ ಕೊಡುತ್ತಿದ್ದ ಮೆಥಿಸರ್ಜೈಡ್. ಇದು ಎರ್ಗಾಟ್ ಶಿಲೀಂಧ್ರದ ಕ್ಷಾರಗಳ ವಂಶಕ್ಕೆ ಸೇರಿದುದು. ಅದನ್ನು ದೀರ್ಘಕಾಲ ಸೇವಿಸಿದವರಲ್ಲಿ ಈ ರೋಗ ಕಾಣಿಸಿಕೊಂಡದ್ದು 1960ರ ದಶಕದಲ್ಲಿ ಬೆಳಕಿಗೆ ಬಂದು, ಮುಂದೆ ಆ ಔಷಧ ಬಳಕೆಯಿಂದ ಸರಿಯಿತು. ಸಜ್ಜೆ ಬೆಳೆಯುವ ಈ ಸೀಮೆಯ ಓದುಗರಿಗೆ ಇಲ್ಲೊಂದು ಪ್ರಶ್ನೆ ಏಳಬಹುದು. ಸಜ್ಜೆಯ ತೆನೆಗೂ ಎರ್ಗಾಟ್ ತಗಲುತ್ತದೆ. ತೆನೆಯಿಂದ ಜೇನಿನಂಥ ಅಂಟು ಒಸರುತ್ತದೆ. ಅಂಥ ಕಾಳನ್ನು ಉಪ್ಪುನೀರಿಗೆ ಹಾಕಿ ತೇಲುವುದನ್ನು ತೆಗೆದುಹಾಕಬೇಕೆಂದು ಕೃಷಿತಜ್ಞರು ಹೇಳುತ್ತಾರೆ. ಆದರೆ ಸಜ್ಜೆಯ ಎರ್ಗಾಟಿನಲ್ಲಿರುವ ಕ್ಷಾರಗಳು ಬೇರೆ ಬಗೆಯವು. ಅವುಗಳಿಂದ ವಾಂತಿ, ತಲೆಸುತ್ತು, ಜೋಂಪು ಬಂದ ಪ್ರಕರಣಗಳು ದೇಶದಲ್ಲಿ ವರದಿಯಾಗಿವೆಯೇ ಹೊರತು ಹೊಟ್ಟೆಯ ಹಿಂಬದಿಯ ನಾರಿಗೂ ಸಜ್ಜೆರೊಟ್ಟಿಗೂ ನಂಟು ಕಲ್ಪಿಸಲು ಆಧಾರವಿಲ್ಲ.

ರೋಗದ ಆರಂಭ ತೀರ ಸಾಧಾರಣವಾಗಿರುತ್ತದೆ. ಬೆನ್ನಿನ ಕೆಳಭಾಗದಲ್ಲಿ ಅಥವಾ ಪಕ್ಕೆಯಲ್ಲಿ ಮಂದವಾದ, ಬಿಡದ ನೋವು, ಹಸಿವು ಕುಗ್ಗುವುದು, ತೂಕ ಇಳಿಯುವುದು, ಕೆಲವರಿಗೆ ಕಾಲಬಾವು, ಗಂಡಸರಲ್ಲಿ ಕೆಲವೊಮ್ಮೆ ವೃಷಣದ ನೋವು, ಹೊಸದಾಗಿ ರಕ್ತದೊತ್ತಡ. ಈ ನೋವು ಮಲಗಿದರೂ ಎದ್ದರೂ ಅಷ್ಟೇ ಇರುತ್ತದೆ. ‘ಟೊಂಕ ಹಿಡದೈತ್ರಿ’ ಎಂಬ ಮಾತು ಹೊಲದ ಕೆಲಸದ ಆಯಾಸಕ್ಕೂ, ಫ್ಲೋರೈಡಿನ ಸೆಟೆತಕ್ಕೂ, ಹರಳಿಗೂ, ಈ ನಾರಿಗೂ ಒಂದೇ. ಅದಕ್ಕೆ ಸಿಗುವ ಉಪಚಾರವೂ ಬಹುಪಾಲು ಒಂದೇ: ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಅಂಗಡಿಯ ನೋವಿನ ಗುಳಿಗೆ. ನೋವಿನ ಗುಳಿಗೆಗಳಲ್ಲಿ ಹಲವು, ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡುವಂಥವು.

ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಇ.ಎಸ್.ಆರ್. ಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್ ಇವಿಷ್ಟು ಆದರೆ ಶಂಕೆಗೆ ಸಾಕು; ಅಲ್ಟ್ರಾಸೌಂಡಿನಲ್ಲಿ ಮೂತ್ರಪಿಂಡ ಊದಿಕೊಂಡಿರುವುದು ಕಾಣುತ್ತದೆ, ಆದರೆ ಹರಳು ಕಾಣುವುದಿಲ್ಲ. ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಲ್ಲಿ ಧಮನಿಯ ಸುತ್ತಲಿನ ನಾರಿನ ಕವಚ ಸ್ಪಷ್ಟವಾಗುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಶಸ್ತ್ರವಲ್ಲ. ಕಟ್ಟಿದ ಮೂತ್ರಕ್ಕೆ ತಾತ್ಕಾಲಿಕ ದಾರಿ ಮಾಡುವುದು ಮೊದಲ ಕೆಲಸ. ಎರಡೂ ತುದಿ ಸುರುಳಿಯಾಗಿರುವ ಡಿ.ಜೆ. ಸ್ಟೆಂಟ್ ಎಂಬ ಮೆತುವಾದ ನಳಿಕೆಯನ್ನು ಮೂತ್ರನಾಳದೊಳಗೆ ಕೂಡಿಸುತ್ತಾರೆ. ಸಾಧ್ಯವಾಗದಿದ್ದರೆ ಬೆನ್ನಿನಿಂದ ನೇರವಾಗಿ ಮೂತ್ರಪಿಂಡಕ್ಕೆ ಸಣ್ಣ ನಳಿಕೆ ಇಳಿಸುತ್ತಾರೆ. ಆಮೇಲೆ ಸ್ಟೀರಾಯ್ಡ್ ಔಷಧ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಇಟಲಿಯ ಪ್ರಯೋಗವೊಂದರಲ್ಲಿ ಪ್ರೆಡ್ನಿಸೋನ್ ಪಡೆದ 18 ಜನರಲ್ಲಿ ಒಬ್ಬರಿಗೆ, ಟಾಮಾಕ್ಸಿಫೆನ್ ಪಡೆದ 18 ಜನರಲ್ಲಿ ಏಳು ಜನರಿಗೆ ಚಿಕಿತ್ಸೆಯ ಕೊನೆಯೊಳಗೆ ರೋಗ ಮರುಕಳಿಸಿತ್ತು. ಸಂಖ್ಯೆ ಚಿಕ್ಕದೇ. ಆದರೆ ಇಷ್ಟು ಅಪರೂಪದ ರೋಗದಲ್ಲಿ ಇಷ್ಟು ಜನರನ್ನು ಕೂಡಿಸಿ ಹೋಲಿಸಿದ್ದೇ ದೊಡ್ಡ ಕೆಲಸ. ಮೈಕೊಫೆನೊಲೇಟ್, ರಿಟುಕ್ಸಿಮ್ಯಾಬ್ ಮೊದಲಾದ ಔಷಧಗಳೂ ಈಗ ಬಳಕೆಯಲ್ಲಿವೆ. ಔಷಧಕ್ಕೆ ನಾರು ಕರಗದಿದ್ದಾಗ, ಸ್ಟೆಂಟನ್ನು ತೆಗೆಯಲು ಆಗದೆ ವರ್ಷಗಟ್ಟಲೆ ಬದಲಿಸುತ್ತಲೇ ಇರಬೇಕಾದಾಗ, ಅಥವಾ ಸ್ಟೀರಾಯ್ಡನ್ನು ರೋಗಿ ತಾಳಲಾರದಿದ್ದಾಗ ಶಸ್ತ್ರಚಿಕಿತ್ಸೆಯ ಸರದಿ ಬರುತ್ತದೆ.

ಬಿಡಿಸುವ ಕೆಲಸ

ಈ ಶಸ್ತ್ರಚಿಕಿತ್ಸೆಯ ಸಾರವನ್ನು ‘ಬಿಡಿಸುವುದು’ ಎಂಬ ಒಂದೇ ಕನ್ನಡ ಕ್ರಿಯಾಪದ ಹೇಳಬಲ್ಲದು. ನಾರಿನೊಳಗೆ ಹುದುಗಿದ ಮೂತ್ರನಾಳವನ್ನು ಅದರ ರಕ್ತಸಂಚಾರ ಕೆಡದಂತೆ, ಗೋಡೆ ಹರಿಯದಂತೆ ಉದ್ದಕ್ಕೂ ಬಿಡಿಸಿ ಹೊರತರಬೇಕು. ನಾರಿನ ತುಣುಕನ್ನು ಪರೀಕ್ಷೆಗೆ ಕಳುಹಿಸಿ ಅದು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಿಡಿಸಿದ ನಾಳವನ್ನು ಮತ್ತೆ ಅದೇ ಜಾಗದಲ್ಲಿ ಬಿಟ್ಟರೆ ನಾರು ಮತ್ತೆ ಆವರಿಸುತ್ತದೆ. ಆದುದರಿಂದ ಹೊಟ್ಟೆಯೊಳಗೆ ಕರುಳಿನ ಮುಂದೆ ಜೋಲುವ ಕೊಬ್ಬಿನ ಪೊರೆಯನ್ನು ತಂದು, ಕೂಸಿಗೆ ಕೌದಿ ಸುತ್ತಿದಂತೆ ನಾಳಕ್ಕೆ ಸುತ್ತುತ್ತಾರೆ. ಆ ಪೊರೆ ರಕ್ತಸಮೃದ್ಧವಾದುದು. ನಾಳಕ್ಕೆ ಆಸರೆಯೂ ಆಗುತ್ತದೆ, ತಡೆಗೋಡೆಯೂ ಆಗುತ್ತದೆ. ಒಂದೇ ಬದಿ ಕಟ್ಟಿದ್ದರೂ ಇನ್ನೊಂದು ಬದಿಯನ್ನೂ ಬಿಡಿಸುವುದು ಅನೇಕ ತಜ್ಞರ ರೂಢಿ. ನಾಳದ ಗೋಡೆಯೇ ಕೆಟ್ಟಿದ್ದಲ್ಲಿ ಆ ಭಾಗವನ್ನು ಕತ್ತರಿಸಿ ಜೋಡಿಸುವುದು, ಮೂತ್ರಕೋಶದ ಗೋಡೆಯಿಂದ ಕೊಳವೆ ಮಾಡಿ ಮೇಲಕ್ಕೆ ಏರಿಸುವುದು, ಕೆನ್ನೆಯ ಒಳಪೊರೆಯ ತೇಪೆ ಹಾಕುವುದು ಮೊದಲಾದ ದಾರಿಗಳಿವೆ.

ಹಿಂದೆ ಇದೆಲ್ಲವನ್ನೂ ಹೊಟ್ಟೆಯನ್ನು ಎದೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ತೆರೆದು ಮಾಡುತ್ತಿದ್ದರು. 1992ರಲ್ಲಿ ಲ್ಯಾಪರೊಸ್ಕೋಪಿಯ ಮೂಲಕ ಮಾಡಿದ ವರದಿ ಬಂದಿತು. ಆದರೆ ನೇರವಾದ, ಮಣಿಕಟ್ಟಿಲ್ಲದ ಉಪಕರಣಗಳಿಂದ ಕಲ್ಲಿನಂಥ ನಾರನ್ನು ಸೀಳಿ, ಪಕ್ಕದಲ್ಲಿಯೇ ಮಹಾಧಮನಿ ಮಿಡಿಯುತ್ತಿರುವಾಗ ಸಣ್ಣ ನಾಳವನ್ನು ಬಿಡಿಸುವುದು ಕಷ್ಟದ ಕೆಲಸವಾಗಿತ್ತು. ರೋಬಾಟಿಕ್ ವಿಧಾನ ಬಂದದ್ದು ಈ ಕಷ್ಟದ ಎಡೆಗೆ. ಡಾ ವಿಂಚಿ ಎಂಬ ಯಂತ್ರಕ್ಕೆ ಅಮೆರಿಕದಲ್ಲಿ 2000ದಲ್ಲಿ ಮಾನ್ಯತೆ ದೊರೆಯಿತು. ಭಾರತದ ಮೂತ್ರರೋಗ ವಿಭಾಗಗಳಿಗೆ ಅದು ಬಂದದ್ದು ಆ ದಶಕದ ಮಧ್ಯಭಾಗದಲ್ಲಿ. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಇಂಥ ಯಂತ್ರಗಳಿವೆ. ‘ಎಸ್‌ಎಸ್‌ಐ ಮಂತ್ರ’ ಎಂಬ ಭಾರತೀಯ ತಯಾರಿಕೆಯ ಯಂತ್ರವೂ ಬಳಕೆಗೆ ಬಂದಿದೆ.

‘ರೋಬಾಟ್ ಆಪರೇಶನ್’ ಎಂದೊಡನೆ ಯಂತ್ರವೇ ತಾನಾಗಿ ಕೊಯ್ಯುತ್ತದೆಂಬ ಕಲ್ಪನೆ ಜನರಲ್ಲಿದೆ. ವಿದ್ಯಾವಂತರಲ್ಲಿಯೂ ಇದೆ. ವಾಸ್ತವದಲ್ಲಿ ಇದು ತೊಗಲುಗೊಂಬೆಯಾಟಕ್ಕೆ ಹತ್ತಿರ. ಕಿಳ್ಳೇಕ್ಯಾತರ ಆಟದಲ್ಲಿ ಪರದೆಯ ಮೇಲೆ ಕುಣಿಯುವುದು ಗೊಂಬೆ, ಕುಣಿಸುವುದು ಹಿಂದೆ ಕುಳಿತವನ ಕೈ. ಇಲ್ಲಿಯೂ ವೈದ್ಯರು ರೋಗಿಯಿಂದ ಕೆಲವು ಅಡಿ ದೂರದ ಆಸನದಲ್ಲಿ ಕುಳಿತು, ಹಿಗ್ಗಿಸಿ ತೋರಿಸುವ, ಆಳ ತಿಳಿಯುವ ಚಿತ್ರವನ್ನು ನೋಡುತ್ತ ಎರಡೂ ಕೈ ಮತ್ತು ಕಾಲುಗಳಿಂದ ಯಂತ್ರದ ತೋಳುಗಳನ್ನು ನಡೆಸುತ್ತಾರೆ. ಸುಮಾರು 8 ಮಿಲಿಮೀಟರಿನ ರಂಧ್ರಗಳ ಮೂಲಕ ಒಳಹೊಕ್ಕ ಉಪಕರಣಗಳ ತುದಿ ಮನುಷ್ಯನ ಮಣಿಕಟ್ಟಿನಂತೆ, ಅದಕ್ಕಿಂತಲೂ ಹೆಚ್ಚಾಗಿ, ಎಲ್ಲ ದಿಕ್ಕಿಗೂ ತಿರುಗುತ್ತದೆ. ಕೈಯ ನಡುಕ ಸೋಸಿಹೋಗುತ್ತದೆ. ಹಸಿರು ಬಣ್ಣದ ಔಷಧವೊಂದನ್ನು ಕೊಟ್ಟು ವಿಶೇಷ ಬೆಳಕಿನಲ್ಲಿ ನೋಡಿದರೆ ನಾರಿನ ನಡುವೆ ನಾಳ ಎಲ್ಲಿದೆ, ಅದಕ್ಕೆ ರಕ್ತ ಹರಿಯುತ್ತಿದೆಯೇ ಎಂಬುದೂ ಕಾಣುತ್ತದೆ. ಬಹುಕಾಲ ಈ ಯಂತ್ರಗಳಿಗಿದ್ದ ಕೊರತೆಯೆಂದರೆ ಸ್ಪರ್ಶ: ಎಳೆತದ ಬಿಗಿಯನ್ನು ವೈದ್ಯರು ಕಣ್ಣಿನಿಂದಲೇ ಊಹಿಸಬೇಕಾಗಿತ್ತು. 2024ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಹೊಸ ಮಾದರಿಯಲ್ಲಿ ಆ ಅನುಭವವನ್ನು ಕೈಗೆ ತಲುಪಿಸುವ ಏರ್ಪಾಡಿದೆ.

ಪದದ ಮಾತು ಬಂದುದರಿಂದ ಒಂದು ಸಂಗತಿ. ‘ರೋಬಾಟ್’ ಎಂಬುದು ಚೆಕ್ ಲೇಖಕ ಕಾರೆಲ್ ಚಾಪೆಕ್‌ನ 1920ರ ನಾಟಕದಿಂದ ಲೋಕಕ್ಕೆ ಹರಡಿದ ಶಬ್ದ. ಅದರ ಮೂಲವಾದ ‘ರೊಬೊಟಾ’ಕ್ಕೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ದುಡಿಮೆಯೆಂದು ಅರ್ಥ. ನಮ್ಮ ‘ಬಿಟ್ಟಿ’ ಅದಕ್ಕೆ ಸರಿಯಾದ ಮಾತು.

ಈ ವಿಧಾನದಿಂದ ಗಾಯ ಚಿಕ್ಕದು, ರಕ್ತನಷ್ಟ ಕಡಿಮೆ, ಆಸ್ಪತ್ರೆಯ ದಿನಗಳು ಕಡಿಮೆ. ಆದರೆ ಇದನ್ನು ಉತ್ಪ್ರೇಕ್ಷಿಸುವುದು ಸಲ್ಲದು. ಪ್ರಕಟವಾಗಿರುವ ಅಧ್ಯಯನಗಳು ಬಹುಪಾಲು ಸಣ್ಣವು, ಹಿಂದಿನ ದಾಖಲೆಗಳನ್ನು ಆಧರಿಸಿದವು. ನಾಳ ಬಿಡಿಸಿದ ಮಾತ್ರಕ್ಕೆ ರೋಗ ಹೋಗುವುದಿಲ್ಲ. ಔಷಧ ಮತ್ತು ಪರೀಕ್ಷೆ ವರ್ಷಗಟ್ಟಲೆ ಮುಂದುವರಿಯಬೇಕು. ಸತ್ತ ಮೂತ್ರಪಿಂಡವನ್ನು ಯಾವ ಯಂತ್ರವೂ ಬದುಕಿಸದು. ಯಂತ್ರದ ಬೆಲೆ ಕೋಟಿಗಟ್ಟಲೆ ಇರುವುದರಿಂದ ಚಿಕಿತ್ಸೆಯ ಖರ್ಚೂ ಹೆಚ್ಚು. ಅನುಭವಿ ವೈದ್ಯರ ಕೈಯಲ್ಲಿ ಹೊಟ್ಟೆ ತೆರೆದು ಮಾಡುವ ಹಳೆಯ ಶಸ್ತ್ರಚಿಕಿತ್ಸೆಯೂ ಮೂತ್ರಪಿಂಡವನ್ನು ಉಳಿಸುತ್ತದೆಂಬುದನ್ನು ಮರೆಯಬಾರದು.

ದಾರಿ ಮತ್ತು ವಿಳಂಬ

ಗದಗ–ಹೊಟಗಿ ರೈಲುಮಾರ್ಗದಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳಿವೆ. ಹೆಸರೇ ಹೇಳುವಂತೆ ಊರು ಇನ್ನೂ ದೂರ. ಈ ನಾಲ್ಕು ಊರುಗಳಿಂದ ಜಿಲ್ಲಾ ಕೇಂದ್ರಕ್ಕೆ 40ರಿಂದ 80 ಕಿಲೋಮೀಟರ್. ವಿಜಯಪುರದಲ್ಲಿ 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಇದೆ. ಅದಕ್ಕೂ ಹಿಂದೆ ಈ ಭಾಗದ ಜನ ದೊಡ್ಡ ಕಾಯಿಲೆಗೆ ಹೋಗುತ್ತಿದ್ದುದು ಸೊಲ್ಲಾಪುರಕ್ಕೆ ಅಥವಾ 1894ರಲ್ಲಿ ಸ್ಥಾಪಿತವಾದ ಮಿರಜಿನ ವಾನ್ಲೆಸ್ ಆಸ್ಪತ್ರೆಗೆ. ‘ಮಿರಜಿಗೆ ಒಯ್ದಾರ’ ಎಂಬ ಮಾತಿನಲ್ಲಿಯೇ ರೋಗದ ಗಂಭೀರತೆ ಅಡಗಿರುತ್ತಿತ್ತು. ಇಂದು ರೋಬಾಟಿಕ್ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟರೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಆದರೆ ಜತೆಗೆ ಹೋಗುವವರ ಊಟ, ವಸತಿ, ಬಿಟ್ಟುಬಂದ ಹೊಲದ ಕೆಲಸ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ.

ಈ ದಾರಿ ಹಿಡಿಯುವ ಮೊದಲೇ ಕಳೆದುಹೋಗುವ ಕಾಲ ಇನ್ನೂ ಮುಖ್ಯವಾದುದು. ಟೊಂಕನೋವಿನ ರೋಗಿಗೆ ಹರಳಿನ ಶಂಕೆ ಬಂದರೆ ಗಾಂವಠಿ ಔಷಧ ಮೊದಲಾಗುತ್ತದೆ: ಹುರುಳಿ ಬೇಯಿಸಿದ ಕಟ್ಟು, ಬಾಳೆದಿಂಡಿನ ರಸ, ನೆಗ್ಗಿಲು ಮುಳ್ಳಿನ ಕಷಾಯ, ಕಾಡುಬಸಳೆ ಎಲೆ, ಲಿಂಬೆಯ ಪಾನಕ. ಇವುಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ತಪ್ಪು. ನೀರನ್ನು ಹೆಚ್ಚು ಕುಡಿಸುವುದೇ ಹರಳಿಗೆ ಒಳ್ಳೆಯ ಉಪಚಾರ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಇಂಡಿಯ ಲಿಂಬೆಯೂ ಸೇರಿದಂತೆ ಲಿಂಬೆಯಲ್ಲಿರುವ ಸಿಟ್ರೇಟ್ ಕೆಲವು ಬಗೆಯ ಹರಳು ಬೆಳೆಯುವುದನ್ನು ತಡೆಯುತ್ತದೆ. ಆದರೆ ಹೊರಗಿನಿಂದ ಕಟ್ಟಿದ ನಾಳಕ್ಕೆ ಇವು ಯಾವುವೂ ತಲುಪುವುದಿಲ್ಲ. ಕಟ್ಟಿದ ಮೂತ್ರಪಿಂಡದಿಂದ ಮೂತ್ರ ಹೆಚ್ಚಿಸಲು ಕೊಡುವ ಕಷಾಯ ಒಳಗಿನ ಒತ್ತಡವನ್ನು ಏರಿಸಬಹುದು. ಪೂರ್ತಿ ಕಟ್ಟಿದ ಮೂತ್ರಪಿಂಡ ಕೆಲವು ವಾರಗಳಲ್ಲಿಯೇ ಮರಳಿ ಬಾರದಷ್ಟು ಕೆಡಬಹುದು. ಅರೆಬರೆ ಕಟ್ಟಿದುದು ತಿಂಗಳುಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ನಾಟಿ ವೈದ್ಯನ ಪಥ್ಯದ ಅವಧಿ ಇದರೊಡನೆ ಹೊಂದಿ ಬಂದಾಗ ರೋಗಿ ಆಸ್ಪತ್ರೆ ಸೇರುವುದು ಎರಡನೆಯ ಮೂತ್ರಪಿಂಡವೂ ಸೋತು, ನಿಜವಾಗಿಯೂ ‘ಉಚ್ಚಿ ಕಟ್ಟಿದ’ ಮೇಲೆ.

ಸಂಗ್ರಹಕಾರರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಎಲ್ಲ ಮೂಲಿಕೆಯೂ ನಿರಪಾಯಕಾರಿಯಲ್ಲ. ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿ ಬಳ್ಳಿಯ ಕುಲದ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಮೂತ್ರಪಿಂಡದ ಒಳಗೇ ನಾರು ಬೆಳೆಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಮೈ ಇಳಿಸುವ ಮಾತ್ರೆಯಲ್ಲಿ ಇದೇ ಕುಲದ ಚೀನೀ ಸಸ್ಯ ಸೇರಿಹೋದುದರಿಂದ ಬೆಲ್ಜಿಯಂನಲ್ಲಿ ಹಲವು ಮಹಿಳೆಯರ ಮೂತ್ರಪಿಂಡಗಳು ಹಾಳಾದುದು 1993ರಲ್ಲಿ ವರದಿಯಾಯಿತು. ಇದು ಆರ್ಮಂಡ್ ರೋಗವಲ್ಲ, ಬೇರೆಯದೇ. ಆದರೆ ಮದ್ದಿನ ಹೆಸರನ್ನು ಬರೆದು ಸಸ್ಯದ ಗುರುತು, ಬಳಸುವ ಭಾಗ, ಪ್ರಮಾಣ, ಅವಧಿಗಳನ್ನು ಬರೆಯದೆ ಬಿಡುವ ನಮ್ಮ ಸಂಗ್ರಹಗಳ ರೂಢಿ ಎಷ್ಟು ಅಪಾಯಕರ ಎಂಬುದನ್ನು ಅದು ತೋರಿಸುತ್ತದೆ. ಹರಳಿನ ಮದ್ದು ಕೊಡುವವರನ್ನು ಸಂದರ್ಶಿಸುವಾಗ ‘ಎಷ್ಟು ದಿನದಲ್ಲಿ ಗುಣವಾಗದಿದ್ದರೆ ದವಾಖಾನಿಗೆ ಕಳಿಸ್ತೀರಿ?’ ಎಂಬ ಪ್ರಶ್ನೆಯನ್ನು ಪ್ರಶ್ನಾವಳಿಯಲ್ಲಿ ಸೇರಿಸುವುದು ಅಗತ್ಯ. ಮದ್ದಿನಷ್ಟೇ ಈ ಮಿತಿಯ ಅರಿವೂ ಜನಪದ ಜ್ಞಾನದ ಭಾಗ.

ಆಸ್ಪತ್ರೆಯ ಕಡೆಯಿಂದ ಆಗಬಹುದಾದ ಕೆಲಸವೂ ಒಂದಿದೆ. ಮೂತ್ರನಾಳಕ್ಕೆ ಹಾಕಿದ ಡಿ.ಜೆ. ಸ್ಟೆಂಟನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಬದಲಿಸಬೇಕು ಅಥವಾ ತೆಗೆಯಬೇಕು. ನೋವು ಹೋದ ಮೇಲೆ ರೋಗಿ ಅದನ್ನು ಮರೆಯುತ್ತಾನೆ. ಒಳಗೆ ಉಳಿದ ಸ್ಟೆಂಟಿನ ಮೇಲೆ ಹರಳು ಕಟ್ಟಿ, ತಡೆ ನಿವಾರಿಸಲು ಹಾಕಿದ್ದೇ ತಡೆಯಾಗುತ್ತದೆ. ಚೀಟಿಯ ಮೇಲಿನ ತಾರೀಖು ಹೊಲದ ಮನುಷ್ಯನ ನೆನಪಿನಲ್ಲಿ ನಿಲ್ಲುವುದಿಲ್ಲ, ಹಬ್ಬ ನಿಲ್ಲುತ್ತದೆ. ಯುಗಾದಿಯಿಂದ ಕಾರಹುಣ್ಣಿಮೆಗೆ ಎರಡೂವರೆ ತಿಂಗಳು. ಸೀಗಿ ಹುಣ್ಣಿಮೆಯಿಂದ ಎಳ್ಳ ಅಮಾಸಿಗೆ ಎರಡೂವರೆ ತಿಂಗಳು. ಸೀಗಿ ಹುಣ್ಣಿಮೆಯ ಸುಮಾರಿಗೆ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಹೊರಟವನಿಗೆ ತಾರೀಖಿನ ಜತೆಗೆ ‘ಎಳ್ಳ ಅಮಾಸಿ ಚರಗ ಚೆಲ್ಲಿದ ಮ್ಯಾಲ ಬರ್ರಿ’ ಎಂದು ಬರೆದುಕೊಟ್ಟರೆ ಮನೆಯವರೆಲ್ಲರಿಗೂ ಆ ದಿನ ಗೊತ್ತಿರುತ್ತದೆ.